ಮುಳ್ಳು ಅರವತ್ತರಲ್ಲಿತ್ತು

ಜನವರಿ ೯

ಅಪ್ಪನಿಗೆ,

ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನೀವು ಉತ್ತರ ಕೊಡುವುದಿಲ್ಲ. ಅದಕ್ಕೇ ಈ ಕಾಗದ. ಓದಿ ಪಕ್ಕಕ್ಕೆಸೆಯುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ಕಾರು ನನ್ನ ಹತ್ತಿರ ಇದೆ.

ಶೆಡ್ ಖಾಲಿ ಮಾಡುವಾಗ ಅದನ್ನು ಗುಜರಿಗೆ ಸಾಗಿಸು ಅಂತ ಮಾವನಿಗೆ ಹೇಳಿದ್ದಿರಂತೆ. ಮಾವನಿಗೆ ಮನಸ್ಸು ಬರಲಿಲ್ಲ. ತನ್ನ ಲಾರಿಗೆ ಏರಿಸಿಕೊಂಡು ಬಂದು ನನ್ನ ಮನೆ ಮುಂದೆ ಇಳಿಸಿ, "ನಿಮ್ಮಪ್ಪ ಬೈದ್ರೆ ನನ್ನನ್ನೇ ಬೈಲಿ. ಅಕ್ಕಂಗೆ ಮಾತ್ರ ಹೇಳ್ಬೇಡ ಮಾರಾಯ್ತಿ" ಅಂದ. ಅಮ್ಮನಿಗೆ ನಾನು ಹೇಳುವುದಾದರೂ ಹೇಗೆ? ಅವಳು ನನ್ನ ಜೊತೆ ನೆಟ್ಟಗೆ ಮಾತಾಡಿ ಹನ್ನೊಂದು ವರ್ಷವಾಯಿತು.

ಆವತ್ತು ಸ್ಪೀಡೋಮೀಟರ್ ಮುಳ್ಳು ಅರವತ್ತರಲ್ಲೇ ಇತ್ತು ಅಂತ ಮತ್ತೆ ಜಗಳ ತೆಗೆಯಲು ಬರೆಯುತ್ತಿಲ್ಲ. ತಿರುವಿನಲ್ಲಿ ಗಾಡಿ ನನ್ನ ಕೈ ಮೀರಿತು, ಮೋರಿ ಗೋಡೆಗೆ ಹೊಡೆಯಿತು, ಅಮ್ಮನ ಬಲಗಾಲು ಹೋಯಿತು. ಓಡಿಸುತ್ತಿದ್ದವಳು ನಾನು. ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ, ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಆಗಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಡಿಪೋದಲ್ಲಿ ವಾರಕ್ಕೆ ನಾಲ್ಕು ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುತ್ತೇನೆ, ಟ್ರಯಲ್‌ಗೆ ಮಾತ್ರ ಬೇರೆಯವರು ಕೂರುತ್ತಾರೆ. ಹುಡುಗರು ಹಿಂದಿನಿಂದ ನಗುವುದೂ ಗೊತ್ತು. ಈ ಕಾರನ್ನು ನಾನೇ ಎಬ್ಬಿಸಿ ನಾನೇ ಓಡಿಸಬೇಕು.

ಬಾಡಿ ನೆಟ್ಟಗಾಗಿದೆ. ನೀವು ಎರಡು ಕಾರ್ಬುರೇಟರ್ ಕೂರಿಸಿದ್ದ ಇಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಉಳಿದಿರುವುದು ಹಿಂದಿನ ಆಕ್ಸಲ್. ಒಳಗಿರುವುದು ನಲವತ್ತೊಂದು-ಹತ್ತು, ಅಲ್ಲವೇ? ದೊಡ್ಡ ಚಕ್ರಕ್ಕೆ ನಲವತ್ತೊಂದು ಹಲ್ಲು, ಅದನ್ನು ತಿರುಗಿಸುವ ಪಿನಿಯನ್‌ಗೆ ಹತ್ತು. ಚಿಕ್ಕವಳಿದ್ದಾಗ ಸೀಮೆಸುಣ್ಣ ಹಿಡಿದು ಎಣಿಸಿದ್ದೇನೆ. ಈಗ ನನ್ನ ದಾರಿಯಲ್ಲಿ ಮನೆಯಿಂದ ಡಿಪೋಗೆ ಹದಿನಾಲ್ಕು ಸಿಗ್ನಲ್. ಭಾನುವಾರ ಮಾತ್ರ ಉದ್ದನೆಯ ರಸ್ತೆಗೆ ಬಿಡಬೇಕು ಅಂತ ಆಸೆ. ಅದನ್ನೇ ಇಟ್ಟುಕೊಳ್ಳಲೋ, ಬದಲಿಸಲೋ?

ನಿಮ್ಮ ಮಗಳು

*

ಜನವರಿ ೨೧

ಮಗಳಿಗೆ,

ನಿಮ್ಮ ಮಾವನಿಗೆ ಒಂದು ಕೆಲಸ ಹೇಳಿದರೆ ಒಂಬತ್ತು ಮಾಡುತ್ತಾನೆ. ಗುಜರಿ ಅಂದರೆ ಗುಜರಿ. ಅದರಲ್ಲಿ ಮನಸ್ಸು ಬರುವುದು ಬಿಡುವುದು ಏನಿದೆ?

ಕೇಳಿದ್ದೀಯ, ಹೇಳುತ್ತೇನೆ. ನಲವತ್ತೊಂದು-ಹತ್ತು ಹಾಕಿದರೆ ಸಿಗ್ನಲ್‌ನಲ್ಲಿ ಬೆನ್ನಿಗೆ ಗುದ್ದಿದ ಹಾಗೆ ಎಳೆಯುತ್ತದೆ. ಆದರೆ ನೂರರಲ್ಲಿ ಹೋಗುವಾಗ ಇಂಜಿನ್ ನಿಮಿಷಕ್ಕೆ ಮೂರು ಸಾವಿರದ ಆರುನೂರು ಸುತ್ತು ಅರಚುತ್ತದೆ. ಒಂದು ಗಂಟೆಗೆ ನಿನ್ನ ತಲೆ ಹಿಡಿಯುತ್ತದೆ. ಮೂವತ್ತೇಳು-ಹನ್ನೆರಡರ ಥರದ್ದು ಹಾಕಿದರೆ ಉದ್ದ ರಸ್ತೆಯಲ್ಲಿ ಇಂಜಿನ್ ಇದೆಯೋ ಇಲ್ಲವೋ ಅನ್ನಿಸುತ್ತದೆ, ಹದಿನಾಲ್ಕು ಸಿಗ್ನಲ್‌ಗೆ ಹದಿನಾಲ್ಕು ಸಲ ಕ್ಲಚ್ ಸುಡುತ್ತೀಯ. ಶೋಕಿಗೆ ಗೇರು ಆರಿಸಿ ಮೂರೇ ತಿಂಗಳಿಗೆ ನನ್ನ ಅಂಗಡಿಗೆ ವಾಪಸ್ಸು ಬಂದವರನ್ನು ಎಷ್ಟು ನೋಡಿಲ್ಲ. ನಿನಗೆ ಮೂವತ್ತೊಂಬತ್ತು-ಹನ್ನೊಂದು ಸರಿ. ಗಾಲಿಯ ಒಂದು ಸುತ್ತಿಗೆ ಪಿನಿಯನ್ ಮೂರೂವರೆ ಚಿಲ್ಲರೆ ಸುತ್ತು. ನೂರರಲ್ಲಿ ಮೂರು ಸಾವಿರದ ನೂರು ಸುತ್ತು. ಎರಡೂ ಕಡೆ ಸ್ವಲ್ಪ ಸ್ವಲ್ಪ ಬೈಸಿಕೊಳ್ಳುತ್ತದೆ, ಎರಡೂ ಕಡೆ ಬಾಳುತ್ತದೆ.

ಹಳೆಯ ಆಕ್ಸಲ್ ಬಿಚ್ಚಬೇಡ. ಮುಚ್ಚಳ ಕೂಡ ತೆಗೆಯಬೇಡ. ಹನ್ನೊಂದು ವರ್ಷ ಎಣ್ಣೆ ಬದಲಿಸದ್ದು, ಒಳಗೆ ತುಕ್ಕು ಕೂತಿರುತ್ತದೆ. ಇಡಿಯಾಗಿ ಇಳಿಸಿ ತೂಕಕ್ಕೆ ಹಾಕು. ಹೊಸದು ಕೊಂಡುಕೋ.

ಅಪ್ಪ

*

ಫೆಬ್ರವರಿ ೨

ಅಪ್ಪನಿಗೆ,

ಮೂವತ್ತೊಂಬತ್ತು-ಹನ್ನೊಂದು ಒಪ್ಪಿದೆ. ಆದರೆ ಹಳೆಯದರ ಮೇಲೆ ಒಂದು ಅನುಮಾನ. ಬಿಚ್ಚಿಲ್ಲ, ಹೊರಗಿನಿಂದಲೇ ಎಣಿಸಿದೆ. ಬಲಗಾಲಿ ನೆಲದಲ್ಲೇ ಇತ್ತು. ಎಡಗಾಲಿ ಒಂದನ್ನೇ ಜಾಕ್ ಕೊಟ್ಟು ಎತ್ತಿ, ಪಿನಿಯನ್ ತಿರುಗಿಸುವ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಾಲಿಯನ್ನು ಒಂದು ಸುತ್ತು ತಿರುಗಿಸಿದೆ. ಶಾಫ್ಟು ತಿರುಗಿದ್ದು ಒಂದೂವರೆ ಸುತ್ತು. ನಾಲ್ಕು ಸುತ್ತು ಬರಬೇಕಾದ ಕಡೆ ಒಂದೂವರೆ! ಏನಾಗಿರಬಹುದು?

ನಿಮ್ಮ ಮಗಳು

*

ಫೆಬ್ರವರಿ ೧೧

ಮಗಳಿಗೆ,

ಒಂದೂವರೆ ಅಂದರೆ ಒಳಗೆ ಹಲ್ಲು ಮುರಿದಿದೆ. ಮೋರಿಗೆ ಹೊಡೆದಾಗಲೇ ಮುರಿದಿರಬೇಕು, ಜಾರಿ ಜಾರಿ ತಿರುಗುತ್ತಿದೆ. ನಾನು ಮೊದಲೇ ಹೇಳಿದೆ. ಅದರ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳಬೇಡ. ಈ ವಾರವೇ ಸಾಗಿಸು. ಸಾಗಿಸಿದ ಮೇಲೆ ಒಂದು ಸಾಲು ಬರೆ.

ಅಪ್ಪ

*

ಫೆಬ್ರವರಿ ೧೯

ಅಪ್ಪನಿಗೆ,

ಸಾಗಿಸಿಲ್ಲ.

ಒಂದೇ ಗಾಲಿ ಎತ್ತಿ, ಇನ್ನೊಂದು ನೆಲದಲ್ಲಿದ್ದರೆ ಲೆಕ್ಕ ಅರ್ಧವೇ ಬರುತ್ತದೆ, ಬಂದದ್ದನ್ನು ಎರಡರಿಂದ ಗುಣಿಸಬೇಕು. ಒಂಬತ್ತು ವರ್ಷದವಳಿದ್ದಾಗ ನಾನು ಈ ತಪ್ಪು ಮಾಡಿದ್ದೆ. ಇಡೀ ಅಂಗಡಿಯ ಎದುರು ನೀವು ಹೊಟ್ಟೆ ಹಿಡಿದುಕೊಂಡು ನಕ್ಕು, "ಗ್ರೀಸಮ್ಮಾ, ನೆಲದಲ್ಲಿರೋ ಗಾಲಿ ಕೂಲಿ ಕೇಳಲ್ವೇನೇ?" ಅಂತ ನನ್ನ ಮೂಗಿಗೆ ಸೀಮೆಸುಣ್ಣ ಬಳಿದಿದ್ದಿರಿ. ಆ ಪಾಠ ನಾನು ಮರೆತಿಲ್ಲ. ನೀವೂ ಮರೆತಿರಲಾರಿರಿ. ಬೇಕೆಂದೇ ತಪ್ಪಾಗಿ ಬರೆದು ಕಳಿಸಿದೆ.

ಒಂದು ಕಾಗದದ ತುಂಬ ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬರಲಿ ಅಂತ ದೇವರಾಣೆಗೂ ಆಸೆಪಟ್ಟಿದ್ದೆ. ಬಂದದ್ದು 'ಹಲ್ಲು ಮುರಿದಿದೆ'. ನಲವತ್ತು ವರ್ಷ ಆಕ್ಸಲ್ ಕೂಡಿಸಿದ ಕೈ ಅದನ್ನು ಬರೆಯಿತಲ್ಲ ಅಂತ ಮತ್ತೆ ಮತ್ತೆ ಓದಿದೆ.

ಒಂದೂವರೆಯ ಎರಡು ಪಾಲು ಮೂರು. ನಲವತ್ತೊಂದು-ಹತ್ತಕ್ಕೆ ನಾಲ್ಕು ಬರಬೇಕು. ಮುಚ್ಚಳ ತೆಗೆದೆ. ಒಂದು ಹಲ್ಲೂ ಮುಕ್ಕಾಗಿಲ್ಲ. ಎಣಿಸಿದೆ, ಮೂವತ್ತೇಳು-ಹನ್ನೆರಡು. ನೀವು ಕೂಡಿಸಿದ ಪ್ರತಿ ಆಕ್ಸಲ್‌ನ ಮುಚ್ಚಳದ ಒಳಮೈಗೆ ಹಲ್ಲಿನ ಲೆಕ್ಕವನ್ನೂ ತಾರೀಖನ್ನೂ ಗೀರಿ ಇಡುತ್ತೀರಿ, ಸತ್ತ ಮೇಲೂ ಕೆಲಸಕ್ಕೆ ಜವಾಬ್ದಾರ ಬೇಕು ಅಂತ. ಇದರಲ್ಲೂ ಗೀರಿದ್ದೀರಿ. ನಾನೂ ಅಮ್ಮನೂ ಹೊರಟ ಹಿಂದಿನ ದಿನದ ತಾರೀಖು.

ಆಮೇಲೆ ಗೇರ್‌ಬಾಕ್ಸಿನ ಬಾಲದಲ್ಲಿ ಸ್ಪೀಡೋಮೀಟರ್ ತಂತಿಯನ್ನು ತಿರುಗಿಸುವ ಪುಟ್ಟ ಬಿಳಿ ಚಕ್ರ ಬಿಚ್ಚಿದೆ. ಇಪ್ಪತ್ತನಾಲ್ಕು ಹಲ್ಲು. ಅದು ಹಳೆಯ ನಲವತ್ತೊಂದು-ಹತ್ತಕ್ಕೆ ಸರಿ. ಆಕ್ಸಲ್ ಬದಲಿಸಿದರೆ ಅದನ್ನೂ ಬದಲಿಸಬೇಕಿತ್ತು, ಹದಿನೆಂಟು ಹಲ್ಲಿನದು ಬೇಕಿತ್ತು. ಬದಲಿಸದಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ, ಮೂರು ಸಲ ಹಾಕಿದೆ. ಮುಳ್ಳು ಅರವತ್ತು ತೋರಿಸುವಾಗ ಗಾಡಿ ಎಂಬತ್ತರಲ್ಲಿ ಓಡುತ್ತಿರುತ್ತದೆ.

ಆ ತಿರುವಿನ ಬೋರ್ಡು ಅರವತ್ತು. ನಾನು ಅರವತ್ತು ನೋಡಿಕೊಂಡೇ ತಿರುಗಿಸಿದೆ ಅಪ್ಪಾ.

ನಿಮಗೆ ಗೊತ್ತಿತ್ತೇ? ಯಾವಾಗಿನಿಂದ?

ಮಗಳು

*

ಮಾರ್ಚ್ ೧೫

ಇವಳಿಗೆ,

ನಾನಾಗಿ ನಿನಗೆ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಅಂಥ ಪರಿಸ್ಥಿತಿ ತಂದಿಟ್ಟಿದ್ದೀಯ.

ನಿಮ್ಮಪ್ಪನಿಗೆ ಏನು ಬರೆದೆ? ಕಾಗದ ಬಂದ ದಿನದಿಂದ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಏಳುತ್ತಾರೆ. ಕೇಳಿದರೆ ಕಿವಿ ಕೇಳದವರ ಹಾಗೆ ಮಾಡುತ್ತಾರೆ, ನಾನು ಪಾತ್ರೆ ಇಟ್ಟ ಸದ್ದಿಗೆ ಮಾತ್ರ ಬೆಚ್ಚಿ ಬೀಳುತ್ತಾರೆ. ಹೊಲಿಗೆ ಕೋಣೆಗೆ ಬಂದು ನನ್ನ ಗುಂಡಿ ಡಬ್ಬಿ ಕೆದಕುತ್ತಾರೆ. "ಏನ್ರೀ ಹುಡುಕ್ತಿದ್ದೀರಾ?" ಅಂದರೆ "ಶರ್ಟಿಂದು ಒಂದು ಗುಂಡಿ ಹೋಗಿದೆ" ಅಂತಾರೆ. ಮೈಮೇಲಿನ ಶರ್ಟಿನಲ್ಲಿ ಏಳಕ್ಕೆ ಏಳೂ ಗುಂಡಿ ಇವೆ.

ಮತ್ತೆ ಆ ದಿನದ ವಿಷಯ ಎತ್ತಿದ್ದೀಯ ಅಂತ ನನಗೆ ಅನುಮಾನ. ಒಂದು ಮಾತು ತಿಳಿದುಕೋ. ಕಾಲು ಹೋದದ್ದನ್ನು ನಾನು ಯಾವತ್ತೋ ಹೊಟ್ಟೆಗೆ ಹಾಕಿಕೊಂಡೆ. ಎಡಗಾಲಿನಲ್ಲಿ ಮೆಷಿನ್ ತುಳಿಯುವುದು ಕಲಿತೆ. ವೇಗವಾಗಿ ಓಡಿಸಿದೆ, ತಪ್ಪಾಯಿತು ಅಂದಿದ್ದರೆ ಆಸ್ಪತ್ರೆಯಲ್ಲೇ ತಬ್ಬಿಕೊಳ್ಳುತ್ತಿದ್ದೆ. ನೀನು ಅರವತ್ತು ಅಂದೆ. ನನ್ನ ಮುಖ ನೋಡಿಕೊಂಡು ಅಂದೆ. ನಾನು ಪಕ್ಕದಲ್ಲೇ ಕೂತಿದ್ದೆನಲ್ಲವೇ? ದಾರಿಯುದ್ದಕ್ಕೂ ಕಿಲೋಮೀಟರ್ ಕಲ್ಲು ನೋಡಿ ಗಡಿಯಾರ ನೋಡುವುದು ನನ್ನ ಹುಚ್ಚು, ನಿನಗೇ ಗೊತ್ತು. ಅರವತ್ತಾದರೆ ಕಲ್ಲಿಗೊಂದು ನಿಮಿಷ. ಆವತ್ತು ಕಲ್ಲಿಂದ ಕಲ್ಲಿಗೆ ನಲವತ್ತೈದೇ ಸೆಕೆಂಡು. ಅಳತೆ ತಪ್ಪಿದರೆ ನನ್ನ ಕಸುಬೇ ನಡೆಯುವುದಿಲ್ಲ. ವಿಚಾರಣೆಯಲ್ಲಿ ಕೇಳಿದಾಗ ಕಂಡದ್ದನ್ನು ಹೇಳಿದೆ. ಹೆತ್ತ ಮಗಳ ವಿರುದ್ಧ ಹೇಳುವುದು ಎಂಥ ಕಷ್ಟ ಅಂತ ನಿನಗೇನು ಗೊತ್ತು.

ಸುಳ್ಳನ್ನು ಸಾಧಿಸಲು ಆ ಮನುಷ್ಯನ ಪ್ರಾಣ ಹಿಂಡಬೇಡ.

ನಿನ್ನ ತಾಯಿ

*

ಮಾರ್ಚ್ ೨೮

ಗ್ರೀಸಮ್ಮಾ,

ಬಹಳ ದಿನ ಆಯಿತು ಹೀಗೆ ಕರೆದು. ಕರೆಯುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ನೀನೇ ಹೇಳು.

ಗೊತ್ತಿತ್ತು.

ನಲವತ್ತು ಜೊತೆ ಶಾಲೆ ಸಮವಸ್ತ್ರ ತಲುಪಿಸಲು ನೀವಿಬ್ಬರೂ ಅಷ್ಟು ದೂರ ಹೋಗುವವರಿದ್ದಿರಿ. ಆ ಇಂಜಿನ್ ಅರಚಿದರೆ ನಿಮ್ಮಮ್ಮನಿಗೆ ತಲೆನೋವು. ಅವಳಿಗೆ ಸುಖವಾಗಲಿ, ಹೇಳದೆ ಮಾಡಿಟ್ಟರೆ ದಾರಿಯಲ್ಲಿ ಅವಳಿಗೇ ತಿಳಿಯಲಿ ಅಂತ ಹಿಂದಿನ ದಿನ ಮೂವತ್ತೇಳು-ಹನ್ನೆರಡು ಕೂಡಿಸಿದೆ. ಸಂಜೆ ಐದಕ್ಕೆ ಆಕ್ಸಲ್ ಮುಗಿಯಿತು. ಹದಿನೆಂಟು ಹಲ್ಲಿನ ಬಿಳಿ ಚಕ್ರ ಒಂದು ಬಾಕಿ. ಅಷ್ಟರಲ್ಲಿ ಗಿರಾಕಿ ಬಂದ. ಚಕ್ರ ಜೇಬಿಗೆ ಹಾಕಿದೆ, ಬೆಳಿಗ್ಗೆ ಎದ್ದು ಹತ್ತು ನಿಮಿಷದಲ್ಲಿ ಹಾಕಿದರಾಯಿತು ಅಂತ. ಬೆಳಿಗ್ಗೆ ಅದೇ ಶರ್ಟ್ ತೊಟ್ಟುಕೊಂಡು ಬಾಗಿಲಲ್ಲಿ ನಿಂತು ನಿಮಗೆ ಕೈ ಬೀಸಿದೆ. ಸುಖದಲ್ಲಿ ಬೀಸಿದೆ. ಪೂರ್ತಿ ಮರೆತಿದ್ದೆ ಕಣೇ.

ಆಸ್ಪತ್ರೆಯಲ್ಲಿ ಅವಳ ಕಾಲಿನ ಆಪರೇಷನ್‌ಗೆ ಸಹಿ ಹಾಕಿ ಅಂದರು. ಪೆನ್ನಿಗೆ ಅಂತ ಜೇಬಿಗೆ ಕೈ ಹಾಕಿದೆ. ಅದು ಸಿಕ್ಕಿತು.

ಹೊರಗೆ ವಿಚಾರಣೆಗೆ ಬಂದ ಅಧಿಕಾರಿ ಕೇಳಿದ, "ಗಾಡಿ ಸರಿಯಿತ್ತಾ?" "ಸರಿ ಇತ್ತು" ಅಂದೆ. ಎರಡೇ ಮಾತು. ಮಾರನೆಯ ದಿನ ತಿದ್ದಿಕೊಳ್ಳಬಹುದಿತ್ತು. ಆಗಲೇ ನೀನು ಅರವತ್ತು ಅಂದಿದ್ದೆ, ಅವಳು ನಲವತ್ತೈದು ಸೆಕೆಂಡು ಅಂದಿದ್ದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಬ್ಬರೂ ನಿಜ ಹೇಳುತ್ತಿದ್ದೀರಿ ಅಂತ ಗೊತ್ತಿದ್ದವನು ನಾನೊಬ್ಬನೇ. ಆದರೂ ತಿದ್ದಲಿಲ್ಲ. ಅಂಗಡಿಯ ಹೆಸರು ಹೋಗುತ್ತದೆ ಅನ್ನುವ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಅವಳು ತನ್ನ ಕಾಲು ನೋಡಿಕೊಂಡು ಆಮೇಲೆ ನನ್ನ ಕಡೆ ತಿರುಗುತ್ತಾಳಲ್ಲ, ಆ ನೋಟಕ್ಕೆ ಹೆದರಿದೆ. ನನ್ನ ಪಾಲಿನದನ್ನು ನಿನ್ನ ತಲೆಗೆ ಕಟ್ಟಿದೆ.

ಆ ಶರ್ಟು ಕಪಾಟಿನ ತಳಕ್ಕೆ ತುರುಕಿದ್ದೆ. ಮೂರು ತಿಂಗಳ ಮೇಲೆ ಅವಳು ಊರುಗೋಲು ಹಿಡಿದು ಕಪಾಟು ಜೋಡಿಸುವಾಗ ಚಕ್ರ ಸಿಕ್ಕಿತು. "ಏನ್ರೀ ಇದು?" "ಏನೋ ಗಾಡೀದು, ಇರ್ಲಿ ಬಿಡು." ಚೆನ್ನಾಗಿದೆ ಅಂತ ಗುಂಡಿ ಡಬ್ಬಿಗೆ ಹಾಕಿಕೊಂಡಳು. ಹನ್ನೊಂದು ವರ್ಷ ಅದು ಅಲ್ಲೇ ಇದೆ. ಅವಳು ಡಬ್ಬಿ ಅಲ್ಲಾಡಿಸಿ ಗುಂಡಿ ಹುಡುಕಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ಇದನ್ನು ಸಹಿ ಹಾಕಿ ಕಳಿಸಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ನಿಮ್ಮಮ್ಮನಿಗೂ ನೀನೇ ತೋರಿಸಿಬಿಡು. ನನ್ನಿಂದ ಆಗುವುದಿಲ್ಲ.

ಅಪ್ಪ

*

ಏಪ್ರಿಲ್ ೬

ಅಪ್ಪನಿಗೆ,

ನಿಮ್ಮ ಕಾಗದ ಓದಿ ಗೋಡೆಗೆ ಒರಗಿ ಕೂತು ಜೋರಾಗಿ ಅತ್ತೆ. ಪಕ್ಕದ ಮನೆಯವರು ಬಾಗಿಲು ಬಡಿದರು. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ ಅದನ್ನು ಬರೆದರೆ ಈ ಹಾಳೆ ಸಾಲದು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹೆಗಲ ಮೇಲೆ ಒಂದು ಚೀಲ ಹಾಕಿಕೊಂಡು ಮನೆ ಬಿಟ್ಟೆ. ಬಸ್ ನಿಲ್ದಾಣದವರೆಗೂ ಬಂದು ನನ್ನ ಕೈಗೆ ಟಿಕೆಟ್ ಕೊಟ್ಟವರು ನೀವು. ಆಗಲೂ ಹೇಳಲಿಲ್ಲ.

ನಾನು ಅಮ್ಮನಿಗೆ ತೋರಿಸುವುದಿಲ್ಲ. ನನ್ನ ಕೈಯಿಂದ ಹೋದರೆ, ಇವಳೇ ಅಪ್ಪನ ಕುತ್ತಿಗೆ ಹಿಡಿದು ಬರೆಸಿದಳು ಅಂತಾಳೆ. ಅಳತೆ ತಪ್ಪದ ಹೆಂಗಸು ಅವಳು. ಅವಳ ಮುಂದೆ ಅಳತೆ ಇಡಬೇಕಾದವರು ನೀವು. ನಿಮ್ಮ ಕಾಗದ ವಾಪಸ್ ಕಳಿಸುತ್ತಿದ್ದೇನೆ, ಇದರ ಜೊತೆ ಲಕೋಟೆಯಲ್ಲಿದೆ. ಡಬ್ಬಿ ತೆಗೆದು ಚಕ್ರ ಮೇಜಿನ ಮೇಲಿಟ್ಟು ನೀವೇ ಓದಿ ಹೇಳಿ.

ಮೂವತ್ತೊಂಬತ್ತು-ಹನ್ನೊಂದು ತಂದು ಕೂಡಿಸಿದ್ದೇನೆ. ಸದ್ದಿಲ್ಲ. ಮುಚ್ಚಳದ ಒಳಗೆ ಗೀರಿದ್ದೇನೆ. ಇದಕ್ಕೆ ಇಪ್ಪತ್ತೊಂದು ಹಲ್ಲಿನ ಬಿಳಿ ಚಕ್ರ ಬೇಕು, ಇಲ್ಲಿ ಎಲ್ಲೂ ಸಿಗಲಿಲ್ಲ. ಹುಡುಕುವುದು ನಿಮ್ಮ ಕೆಲಸ. ಅದು ಬರುವವರೆಗೆ ಕಾರಿನ ಬೀಗದಕೈ ಗೋಡೆಯ ಮೊಳೆಯಲ್ಲಿ ತೂಗುತ್ತದೆ. ಅಮ್ಮನಿಗೆ ಹೇಳದೆ ಚಕ್ರ ಮಾತ್ರ ಕಳಿಸಿದರೆ ನಾನದನ್ನು ಹಾಕುವುದಿಲ್ಲ, ಇನ್ನು ಕಾಗದವನ್ನೂ ಬರೆಯುವುದಿಲ್ಲ.

ಗ್ರೀಸಮ್ಮ

*

ಮೇ ೩೦

ಮಗಳೇ,

ನಿನಗೆ ಬರೆಯಲು ಇಷ್ಟು ದಿನ ಯಾಕೆ ಹಿಡಿಯಿತು ಅಂದರೆ ಎರಡು ಸಾಲು ಬರೆದು ಬರೆದು ಹರಿದು ಹಾಕುತ್ತಿದ್ದೆ.

ಹೇಳಿದರು. ನಿನ್ನ ಕಾಗದ ಬಂದು ಇಪ್ಪತ್ತು ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ಒಂದು ಮಧ್ಯಾಹ್ನ ನಾನು ಕಾಲರ್ ಕತ್ತರಿಸುತ್ತಿದ್ದೆ. ಬಂದು, ಡಬ್ಬಿ ತೆಗೆದು, ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಆ ಬಿಳಿ ಚಕ್ರ ಆರಿಸಿ ನನ್ನ ಕತ್ತರಿಯ ಪಕ್ಕ ಇಟ್ಟರು. "ಇದು ಗಾಡೀಲಿ ಇರ್ಬೇಕಿತ್ತು ಕಣೇ. ನನ್ನ ಜೇಬಲ್ಲಿತ್ತು" ಅಂದರು. ತಾವು ನಿನಗೆ ಬರೆದಿದ್ದ ಕಾಗದವನ್ನು ನಿಂತೇ ಓದಿದರು. ಕೂರಿ ಅನ್ನಲಿಲ್ಲ ನಾನು.

ಅವರು ಹೆದರಿದ್ದ ನೋಟ ನೋಡಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಒಂಬತ್ತು ದಿನ ಮಾತಾಡಲಿಲ್ಲ. ಈಗ ಊಟಕ್ಕೆ ಬನ್ನಿ ಅನ್ನುವಷ್ಟು ಮಾತಾಡುತ್ತೇನೆ. ಮುಂದಿನದು ನನ್ನ ಅವರ ವಿಷಯ, ನೀನು ತಲೆ ಹಾಕಬೇಡ. ಆವತ್ತು ವಿಚಾರಣೆ ಮಾಡಿದ ಕಚೇರಿಗೆ ತಾವೇ ಹೋಗಿ ಬರೆದುಕೊಟ್ಟು ಬಂದರು. ಕಡತವೇ ಇಲ್ಲ ಅಂದರಂತೆ. ಆದರೂ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದರು.

ನಿನ್ನ ನನ್ನ ವಿಷಯಕ್ಕೆ ಬರುತ್ತೇನೆ. ಕಂಡ ಕಂಡವರಿಗೆಲ್ಲ ನನ್ನ ಮಗಳು ಸುಳ್ಳಿ ಅಂದೆ. ಗಿರಾಕಿಗಳ ಮುಂದೆ ಅಂದೆ, ನಿನ್ನ ಮಾವನ ಮುಂದೆ ಅಂದೆ. ಕಲ್ಲನ್ನು ನಂಬಿದೆ, ಹೆತ್ತ ಮಗಳನ್ನು ನಂಬಲಿಲ್ಲ. ಎರಡೂ ನಿಜ ಇರಬಹುದು ಅಂತ ಒಂದು ಸಲವಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ನನ್ನ ಅಳತೆ ಸರಿಯಿತ್ತು ಅನ್ನುವ ಸೊಕ್ಕು. ತಪ್ಪಾಯಿತು ಮಗಳೇ. ಕಾಲಿಗೆ ನಾನು ಅತ್ತದ್ದು ಒಂದು ವರ್ಷ. ಇದಕ್ಕೆ ಈಗ ಶುರುವಾಗಿದೆ.

ಹಳೆಯ ಚಕ್ರ ಡಬ್ಬಿಯಲ್ಲೇ ಇರುತ್ತದೆ. ಯಾರಿಗೂ ಕೊಡುವುದಿಲ್ಲ, ಎಸೆಯುವುದೂ ಇಲ್ಲ. ಇಪ್ಪತ್ತೊಂದು ಹಲ್ಲಿನದನ್ನು ನಿಮ್ಮಪ್ಪ ಮೂರು ಊರು ಅಲೆದು ತಂದರು. ತಾವೇ ಬಂದು ಹಾಕುತ್ತೇನೆ ಅಂದರು. ಬೇಡ ಅಂದೆ. ಹಲ್ಲುಗಳನ್ನು ಸೂಜಿ ಮೊನೆಯಲ್ಲಿ ಎಣಿಸಿದ್ದೇನೆ, ಇಪ್ಪತ್ತೊಂದೇ ಇವೆ. ನೀನೂ ಎಣಿಸು. ಎಣಿಸಿ ನಿನ್ನ ಕೈಯಾರೆ ಹಾಕಿಕೊಂಡು, ಆಮೇಲೆ ಮೊಳೆಯಿಂದ ಬೀಗದಕೈ ತೆಗೆ.

ಕಾರು ತೆಗೆದುಕೊಂಡು ಬಾ. ಭಯವಾದರೆ ನಲವತ್ತರಲ್ಲಿ ಬಾ, ನಾವು ಕಾಯುತ್ತೇವೆ. ಬಂದ ಮೇಲೆ ಆ ರಸ್ತೆಗೇ ಹೋಗೋಣ. ನಾನು ಮುಂದಿನ ಸೀಟಿನಲ್ಲೇ ಕೂರುತ್ತೇನೆ, ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದ್ದೇನೆ. ನಿಮ್ಮಪ್ಪ ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಲಿ. ಮುಳ್ಳು ಅರವತ್ತಕ್ಕೆ ಬಂದಾಗ ನೀನು ಹೇಳು. ಈ ಸಲ ನಾನು ಮೊದಲು ನಿನ್ನ ಮಾತು ನಂಬುತ್ತೇನೆ, ಕಲ್ಲನ್ನು ಆಮೇಲೆ ನೋಡುತ್ತೇನೆ.

ಚಕ್ರ ಈ ಲಕೋಟೆಯಲ್ಲೇ ಇದೆ, ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ನಾಲ್ಕೂ ಕಡೆ ಹೊಲಿದಿದ್ದೇನೆ. ಅಂಚೆ ಪೆಟ್ಟಿಗೆಗೆ ಹಾಕಿ ಬರುತ್ತೇನೆ ಅಂತ ನಿಮ್ಮಪ್ಪ ಕೈ ಚಾಚಿದರು. ನಾನು ಕೊಡಲಿಲ್ಲ, ಊರುಗೋಲು ಹಿಡಿದು ನಾನೇ ಹೊರಟಿದ್ದೇನೆ.

ನಿನ್ನ ಅಮ್ಮ